ಶೆಲ್ಟರಿನಿಂದ ಬಂದ ಪುಟ್ಟ ನಾಯಿಗೆ ಎಂಟು ಪಟ್ಟಿಯ ಬೇಲಿ: ಸಾಮಾನು ಒಳ್ಳೆಯದು, ಚಿಲಕ ಮಾತ್ರ ನಂಬಬೇಡಿ

ಬೆಂಗಳೂರಿನ ಶೆಲ್ಟರುಗಳಲ್ಲಿ ಗಾಯಗೊಂಡ ಬೀದಿನಾಯಿಗಳ ಪಕ್ಕದಲ್ಲೇ ಶಿಟ್ಜು, ಪಗ್, ಪಮೇರಿಯನ್‌ಗಳೂ ಕಾಣಸಿಗುತ್ತವೆ. ಮನೆ ಬದಲಿಸಿದವರು, ಚರ್ಮರೋಗದ ಖರ್ಚಿಗೆ ಹೆದರಿದವರು ಬಿಟ್ಟುಹೋದವು. (ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ. ಮೊದಲ ಸಲಕ್ಕೆ ಆ ಕಾಯ್ದೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ. ಈಗ ಒಂದು ಮಸಾಲೆ ದೋಸೆಗೂ ಸಾಲದು.) ಶೆಲ್ಟರಿನ ತುಂಬಿ ತುಳುಕುವ ಕೆನಲ್‌ನಲ್ಲಿ (ನಾಯಿಗೂಡಿನಲ್ಲಿ) ಐದಾರು ಕೆಜಿಯ ನಾಯಿಗೆ ಅನ್ನದ ತಟ್ಟೆಯ ಹತ್ತಿರ ಹೋಗುವುದೇ ಕಷ್ಟ. ಅದಕ್ಕೇ ಅವನ್ನು ದತ್ತು ಸಿಗುವವರೆಗೆ ಯಾರದಾದರೂ ಮನೆಯಲ್ಲಿ ಫಾಸ್ಟರ್ ಇಡುವುದು.

ಫಾಸ್ಟರ್‌ಗೆ ಒಪ್ಪಿದವರು ಹೆಚ್ಚಾಗಿ ಮೊದಲು ಕ್ರೇಟ್ (ಬಾಗಿಲಿರುವ ಪಂಜರ) ಕೊಳ್ಳಲು ಓಡುತ್ತಾರೆ. ಅದರ ಬದಲು ಕಬ್ಬಿಣದ ಸರಳಿನ ಪ್ಲೇಪೆನ್, ಅಂದರೆ ನೆಲದ ಮೇಲೆ ನಿಲ್ಲಿಸಿ ಮಡಚಿಡಬಹುದಾದ ಬೇಲಿ, ಕೊಳ್ಳಿ. ಕೆನಲ್‌ನಲ್ಲಿ ಮಲಗಿದಲ್ಲೇ ಉಚ್ಚೆ ಹೊಯ್ದು ರೂಢಿಯಾದ ನಾಯಿ ಕ್ರೇಟಿನೊಳಗೂ ಅದನ್ನೇ ಮಾಡುತ್ತದೆ, ಅದರಲ್ಲೇ ಹೊರಳುತ್ತದೆ. ಬಾಗಿಲು ಹಾಕಿದರೆ ಗಾಬರಿಯಲ್ಲಿ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುವುದೂ ಉಂಟು. ಬೇಲಿಯಲ್ಲಾದರೆ ಒಂದು ಮೂಲೆಗೆ ಹಾಸಿಗೆ, ಎದುರು ಮೂಲೆಗೆ ಉಚ್ಚೆಯ ಜಾಗ ಅಂತ ಬೇರೆ ಮಾಡಲು ಸಾಧ್ಯ.

24 ಇಂಚು ಅಗಲದ ಎಂಟು ಪಟ್ಟಿಗಳಿರುವ (ಪ್ಯಾನೆಲ್) ಬೇಲಿಯನ್ನು ಚೌಕವಾಗಿ ನಿಲ್ಲಿಸಿದರೆ ಒಳಗೆ 4 ಅಡಿಗೆ 4 ಅಡಿ ಜಾಗ. ಒಂದು ಪಗ್‌ಗೆ ಧಾರಾಳ. ಎತ್ತರದಲ್ಲಿ ಮಾತ್ರ ಮೋಸ ಹೋಗಬೇಡಿ. ಪಗ್‌ಗೂ ಶಿಟ್ಜುವಿಗೂ 24 ಇಂಚು ಸಾಕು. ಪಮೇರಿಯನ್ ಅಂತ ಎಲ್ಲರೂ ಕರೆಯುವ ನಮ್ಮ ಬಿಳಿ ಸ್ಪಿಟ್ಜ್ ಅದನ್ನು ಸಲೀಸಾಗಿ ಹಾರಿಬಿಡುತ್ತದೆ. ಅದಕ್ಕೆ 36 ಇಂಚಿನದೇ ಬೇಕು. ಬೇಲಿಯ ಹತ್ತಿರ ಸ್ಟೂಲು, ಸೋಫಾ ಇದ್ದರೆ ಯಾವ ಎತ್ತರವೂ ಲೆಕ್ಕಕ್ಕಿಲ್ಲ. ಅಂಗಡಿಯಲ್ಲೇ ಎರಡು ಸರಳನ್ನು ಬೆರಳಲ್ಲಿ ಅಗಲಿಸಿ ನೋಡಿ. ಬಾಗಿದರೆ ಆ ಮಾಲು ಬೇಡ. ಸರಳುಗಳ ಸಂದಿ ಒಂದೂವರೆ ಇಂಚಿದ್ದರೆ ಸಣ್ಣ ಮರಿ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತದೆ. ಮರಿಗಳಿಗೆ ಕೆಳಗಿನ ಒಂದು ಅಡಿಗೆ ಪ್ಲಾಸ್ಟಿಕ್ ಜಾಲರಿ ಕಟ್ಟಬೇಕು. ಒಳಗಿರುವಾಗ ಕೊರಳಪಟ್ಟಿ ಬಿಚ್ಚಿಡಿ, ಅದೂ ಸರಳಿಗೆ ಸಿಕ್ಕುವ ವಸ್ತುವೇ.

ಈ ಸಾಮಾನಿನ ದೊಡ್ಡ ದೋಷ ಬಾಗಿಲಿನ ಚಿಲಕ. ಎಷ್ಟೋ ಬೇಲಿಗಳಲ್ಲಿ ಅದು ಮೇಲೆತ್ತಿದರೆ ಕಳಚುವ ಬರೀ ತಂತಿ. ನಾಯಿ ಮೂತಿಯಿಂದ ನಾಲ್ಕು ಸಲ ಬಾಗಿಲು ಕುಲುಕಿದರೆ ತಾನಾಗಿ ಎದ್ದುಬರುತ್ತದೆ. ಟ್ರೆಕ್ಕಿಂಗ್ ಬ್ಯಾಗಿನ ಕ್ಯಾರಬಿನರ್ ಕೊಕ್ಕೆ ಎರಡು ತಂದು, ಬಾಗಿಲಿನ ಮೇಲೊಂದು ಕೆಳಗೊಂದು ಹಾಕಿ. ಪಟ್ಟಿಗಳನ್ನು ಕೂಡಿಸುವ ಉದ್ದನೆಯ ಕಡ್ಡಿಗಳೂ ತಳ್ಳಾಟಕ್ಕೆ ಮೇಲೇಳುತ್ತವೆ. ಪ್ರತಿ ಮೂಲೆಗೆ ಎರಡೆರಡು ಕೇಬಲ್ ಟೈ ಬಿಗಿದು, ಟೈಯ ಉಳಿದ ತುದಿಯನ್ನು ಬುಡಕ್ಕೆ ಕತ್ತರಿಸಿ. ಚೂಪು ತುದಿ ಉಳಿದರೆ ಪಗ್‌ನ ಉಬ್ಬುಗಣ್ಣಿಗೆ ತಾಗೀತು.

ಬೇಲಿಗೆ ತಳ ಇಲ್ಲ, ಹಾಗಾಗಿ ನುಣುಪು ಟೈಲ್ಸಿನ ಮೇಲೆ ಇಡೀ ಬೇಲಿ ಸರಿದುಹೋಗುತ್ತದೆ, ನಾಯಿಯ ಕಾಲೂ ಜಾರುತ್ತದೆ. ನೆಲಕ್ಕೆ ಹಾಸುವ ವಿನೈಲ್ ಶೀಟನ್ನು 5 ಅಡಿ ಚೌಕ ಕತ್ತರಿಸಿ ಅಡಿಗೆ ಹಾಕಿ, ಮಲಗುವ ಕಡೆ ಅದರ ಮೇಲೊಂದು ರಬ್ಬರ್ ಮ್ಯಾಟ್. ಬರೀ ನ್ಯೂಸ್‌ಪೇಪರ್ ಹಾಸಿದರೆ ಉಚ್ಚೆ ಟೈಲ್ಸಿನ ಸಂದಿಗೆ ಇಳಿದು, ಆ ವಾಸನೆಗೆ ನಾಯಿ ಮತ್ತೆ ಅಲ್ಲೇ ಹೊಯ್ಯುತ್ತದೆ.

ಬಟ್ಟೆಯ ಪ್ಲೇಪೆನ್ ಹಗುರ, ನೋಡಲೂ ಚೆಂದ. ಶೆಲ್ಟರ್ ನಾಯಿಗೆ ಮಾತ್ರ ದಂಡದ ಖರ್ಚು: ಕಚ್ಚಿ ಹರಿಯುತ್ತದೆ ಎಂಬುದು ಒಂದು, ಪಾರ್ವೊ (ನಾಯಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ರೋಗ) ಬಂದುಹೋದರೆ ಬಟ್ಟೆಯನ್ನು ಶುದ್ಧ ಮಾಡುವುದು ಬಲು ಕಷ್ಟ ಎಂಬುದು ಇನ್ನೊಂದು. ಪಾರ್ವೊ ವೈರಸ್ ಮಾಮೂಲಿ ಫಿನಾಯಿಲಿಗೆ ಬಗ್ಗುವುದಿಲ್ಲ. ಕಬ್ಬಿಣದ ಬೇಲಿಯನ್ನು ಮೊದಲು ಸೋಪುನೀರಲ್ಲಿ ತಿಕ್ಕಿ ತೊಳೆಯಿರಿ. ಆಮೇಲೆ 1 ಲೀಟರ್ ನೀರಿಗೆ ಸುಮಾರು 30 ಮಿಲಿ ಬ್ಲೀಚ್ ದ್ರಾವಣ (5 ಶೇಕಡದ್ದು) ಬೆರೆಸಿ ಹಚ್ಚಿ, 10 ನಿಮಿಷ ಒದ್ದೆಯಾಗಿಯೇ ಬಿಟ್ಟು, ನೀರು ಹೊಯ್ದು ಒಣಗಿಸಿ. ಸೋಪಿನ ಹಂತ ಬಿಟ್ಟರೆ ಕೊಳೆಯೇ ಬ್ಲೀಚಿನ ಶಕ್ತಿಯನ್ನು ನುಂಗುತ್ತದೆ. ಉಚ್ಚೆಯ ಮೇಲೆ ನೇರವಾಗಿ ಬ್ಲೀಚ್ ಬಿದ್ದರೆ ಗಂಟಲು ಕಟ್ಟುವ ಹೊಗೆಯೂ ಏಳುತ್ತದೆ. ತೊಳೆದು ಒಣಗಿಸದಿದ್ದರೆ ವೆಲ್ಡಿಂಗ್ ಜಾಗಗಳಿಂದ ತುಕ್ಕು ಶುರು.

ಬೇಲಿ ಹಾಕಿದ ಮಾತ್ರಕ್ಕೆ ಕ್ವಾರಂಟೈನ್ ಆಗಲಿಲ್ಲ. ಕೆನಲ್ ಕೆಮ್ಮು (ನಾಯಿಯಿಂದ ನಾಯಿಗೆ ಅಂಟುವ ಕೆಮ್ಮು) ಗಾಳಿಯಲ್ಲಿ ಸರಳು ದಾಟುತ್ತದೆ, ಪಾರ್ವೊ ಚಪ್ಪಲಿಯಲ್ಲಿ ದಾಟುತ್ತದೆ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಮೊದಲ 14 ದಿನ ಬೇಲಿ ಬೇರೆ ಕೋಣೆಯಲ್ಲಿರಲಿ, ಆ ಕೋಣೆಗೆ ಬೇರೆ ಚಪ್ಪಲಿ, ಬೇರೆ ತಟ್ಟೆ. ಶೆಲ್ಟರಿನವರು ಕೊಡುತ್ತಿದ್ದ ಊಟವನ್ನೇ ಎರಡು ದಿನ ಕೊಟ್ಟು, ಆಮೇಲೆ ವಾರದಲ್ಲಿ ಸ್ವಲ್ಪಸ್ವಲ್ಪ ಬದಲಿಸಿ. ಒಮ್ಮೆಲೇ ಬದಲಿಸಿದರೆ ಬರುವ ಭೇದಿಯನ್ನು ಪಾರ್ವೊ ಅಂತ ಹೆದರಿ ಓಡಬೇಕಾಗುತ್ತದೆ. ರಕ್ತ ಬಿದ್ದರೆ, ವಾಂತಿಯೂ ಸೇರಿದರೆ ಕಾಯಬೇಡಿ, ಅದೇ ದಿನ ಡಾಕ್ಟರ ಹತ್ತಿರ.

ನಾಯಿ ದತ್ತು ಹೋದ ಮೇಲೆ ಬೇಲಿ ಮಡಚಿ ಮಂಚದ ಕೆಳಗೆ ಸೇರುತ್ತದೆ, ಕೇಬಲ್ ಟೈ ಮಾತ್ರ ಹೊಸದು ಬೇಕು. ವಿನೈಲ್ ಶೀಟಿಗೂ ಬ್ಲೀಚ್ ಹಾಕಿ ಎತ್ತಿಡಬಹುದು. ಪಾರ್ವೊ ಕಂಡಿದ್ದರೆ ಹತ್ತಿ ತುಂಬಿದ ಹಾಸಿಗೆಯನ್ನು ಮುಂದಿನ ಮರಿಗೆ ಉಳಿಸಬೇಡಿ. ಆ ವೈರಸ್ ಮನೆಯೊಳಗೆ ತಿಂಗಳುಗಟ್ಟಲೆ ಬದುಕಿರುತ್ತದೆ.