ಸ್ವಿಚ್ಚಿಗೆ ಹೆಸರು ಬರೆದ ಹುಡುಗರು: ನಮ್ಮ ಕ್ಯಾಂಪಸ್ಸಿನ ಕರೆಂಟು ಉಳಿತಾಯ ತಂಡ ಹೇಗಿದೆ?

ಪತ್ರ ಬರೆದು ಕೇಳಿದರೆ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್‌ನ ಹುಡುಗ ಹುಡುಗಿಯರು ವಿಭಾಗಕ್ಕೇ ಬಂದು, ಕರೆಂಟು ಎಲ್ಲೆಲ್ಲಿ ಪೋಲಾಗುತ್ತಿದೆ ಅಂತ ನೋಡಿ ಹೇಳಿ ಹೋಗುತ್ತಾರೆ. ಪುಕ್ಕಟೆ ಸೇವೆ. ಧಾರವಾಡ ಸೀಮೆಯ ಒಂದು ಕ್ಯಾಂಪಸ್ಸಿನಲ್ಲಿ ಸಸ್ಯಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವವಳು ನಾನು. ನಮ್ಮಲ್ಲಿಗೂ ಬಂದಿದ್ದರು. ಬೇರೆ ವಿಭಾಗದವರು ಕೇಳುತ್ತಿರುವುದರಿಂದ ಒಮ್ಮೆಗೇ ಬರೆದುಬಿಡುತ್ತೇನೆ.

ಡಿಸೆಂಬರ್ 14 ಬಂತೆಂದರೆ ಇಂಧನ ಉಳಿತಾಯ ದಿನದ ಹೆಸರಲ್ಲಿ ಒಂದು ಜಾಥಾ, ಒಂದು ಫ್ಲೆಕ್ಸು, ಒಂದು ಗ್ರೂಪ್ ಫೋಟೋ. ಇಷ್ಟೇ ನೋಡಿ ನಮಗೆ ರೂಢಿ. ಎನ್ನೆಸ್ಸೆಸ್‌ನವರು ಎರಡು ವರ್ಷದಲ್ಲಿ 240 ಗಂಟೆ ಸೇವೆ ತುಂಬಿಸಬೇಕಲ್ಲ, ಬಂದವರಲ್ಲಿ ಒಬ್ಬಿಬ್ಬರು ಅದಕ್ಕಾಗಿಯೇ ಬಂದಿದ್ದರು. ಮೊಬೈಲ್ ಹಿಡಿದು ಕಾರಿಡಾರು ಬಿಟ್ಟು ಕದಲಲಿಲ್ಲ. ಉಳಿದವರು ಮಾತ್ರ ಕೆಲಸಗಾರರು.

ನಮ್ಮ ದೊಡ್ಡ ಕ್ಲಾಸ್‌ರೂಮಿನಲ್ಲಿ ಎಂಟು ಫ್ಯಾನು, ಎಂಟು ಟ್ಯೂಬ್‌ಲೈಟು. ಬಾಗಿಲ ಪಕ್ಕ ಒಂದು ಬೋರ್ಡು, ಕರಿಹಲಗೆಯ ಪಕ್ಕ ಇನ್ನೊಂದು. ಯಾವ ಸ್ವಿಚ್ಚು ಯಾವುದರದೋ ಆ ದೇವರೇ ಬಲ್ಲ. ತಂಡದ ಒಬ್ಬಳು ನಮ್ಮ ಅಟೆಂಡರನ್ನು ಕೇಳಿದಳು: "ಕಾಕಾ, ಮುಂದಿನ ಬೆಂಚಿನ ಮ್ಯಾಲಿಂದು ಯಾವ ಸ್ವಿಚ್ ರೀ?" ಅವರು ನಕ್ಕು, "ಯಾರಿಗ್ ಗೊತ್ತವಾ, ನಾ ಎಲ್ಲಾ ಒತ್ತಿಬಿಡ್ತೀನಿ" ಅಂದರು.

ಗಂಟು ಇದ್ದದ್ದೇ ಅಲ್ಲಿ. ಟ್ಯುಟೋರಿಯಲ್‌ಗೆ ನಾಲ್ಕು ಜನ ಕೂತರೂ ಎಂಟೂ ಫ್ಯಾನು ತಿರುಗುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಸಂಜೆ ಕರೆಂಟು ಹೋಗಿದ್ದಾಗ ರೂಮಿಗೆ ಬೀಗ ಬಿದ್ದಿರುತ್ತದೆ, ಯಾವ ಸ್ವಿಚ್ಚು ಆನ್ ಇದೆ ಅಂತ ಯಾರೂ ನೋಡಿರುವುದಿಲ್ಲ. ಆಮೇಲೆ ಕರೆಂಟು ಬಂದರೆ ಬೆಳಗಿನವರೆಗೂ ಖಾಲಿ ಬೆಂಚಿಗೆ ಗಾಳಿ. ಹಳೇ ಫ್ಯಾನು 75 ವ್ಯಾಟ್, ಎಲ್‌ಇಡಿ ಟ್ಯೂಬು 20 ವ್ಯಾಟ್ ಅಂತ ಹಿಡಿದು ಒಬ್ಬ ಹುಡುಗ ಅಲ್ಲೇ ಹಲಗೆಯ ಮೇಲೆ ಲೆಕ್ಕ ಹಾಕಿದ: ಸಂಜೆ ಐದರಿಂದ ಬೆಳಗ್ಗೆ ಒಂಬತ್ತರವರೆಗೆ 16 ಗಂಟೆಗೆ ಹೆಚ್ಚುಕಡಿಮೆ 12 ಯೂನಿಟ್. ಒಂದು ರೂಮು, ಒಂದು ರಾತ್ರಿ! ನಮ್ಮನೆಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ದಾಟಿದರೆ ನಮ್ಮತ್ತೆ ಎದ್ದು ಹೋಗಿ ಮೀಟರ್ ನೋಡುತ್ತಾರೆ.

ಅವರು ಮಾಡಿದ್ದಿಷ್ಟೇ. ಒಬ್ಬ ಬೋರ್ಡಿನ ಹತ್ತಿರ ನಿಂತು ಒಂದೊಂದೇ ಸ್ವಿಚ್ಚು ಒತ್ತುವುದು, ಇನ್ನೊಬ್ಬಳು ನಡುವೆ ನಿಂತು ಯಾವುದು ತಿರುಗಿತು ಅಂತ ಕೂಗುವುದು, ಮೂರನೆಯವಳು ಬಿಳಿ ಟೇಪಿನ ಮೇಲೆ ಮಾರ್ಕರಿನಲ್ಲಿ 'ಫ್ಯಾನ್ 3, ಕಿಟಕಿ ಕಡೆ' ಅಂತ ಬರೆದು ಅಂಟಿಸುವುದು. 'ವಿದ್ಯುತ್ ಉಳಿಸಿ' ಎಂಬ ಬಣ್ಣದ ಸ್ಟಿಕ್ಕರನ್ನೂ ಹಚ್ಚಿ ಹೋಗಿದ್ದರು. ಅದನ್ನು ಯಾರೂ ಓದುವುದಿಲ್ಲ, ಮಳೆಗಾಲದಲ್ಲಿ ಅರ್ಧ ಉದುರಿಯೂ ಹೋದವು. ಟೇಪಿನ ಅಕ್ಷರ ಮಾತ್ರ ದಿನಾ ಕೆಲಸಕ್ಕೆ ಬರುತ್ತಿದೆ. ಕಾಕಾ ಈಗ ಬೇಕಾದ ಫ್ಯಾನು ಮಾತ್ರ ಹಾಕುತ್ತಾರೆ.

ಹಳೇ ಡಬ್ಬಿ ರೆಗ್ಯುಲೇಟರ್ ವಿಷಯ ನನಗೆ ಹೊಸದು. ಎರಡನೇ ಸ್ಪೀಡಿನಲ್ಲಿಟ್ಟ ಒಂದು ಡಬ್ಬಿಯ ಮೇಲೆ ನನ್ನ ಕೈ ಇಡಿಸಿದರು, ದೋಸೆ ತೆಗೆದ ಮೇಲಿನ ಕಾವಲಿಯ ಹಾಗೆ ಬೆಚ್ಚಗಿತ್ತು. ಫ್ಯಾನು ನಿಧಾನ ತಿರುಗಿದರೂ ಒಂದಷ್ಟು ಕರೆಂಟು ಆ ಡಬ್ಬಿಯಲ್ಲೇ ಬಿಸಿಯಾಗಿ ಹೋಗುತ್ತದಂತೆ, ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಆ ನಷ್ಟ ಇಲ್ಲ. ಬಿಎಲ್‌ಡಿಸಿ ಎಂಬ ಕಡಿಮೆ ಕರೆಂಟಿನ ಹೊಸ ಬಗೆಯ ಫ್ಯಾನಾದರೆ ಮೂವತ್ತು ವ್ಯಾಟಿನ ಆಸುಪಾಸಿನಲ್ಲೇ ಮುಗಿಯುತ್ತದೆ. ವರದಿಯಲ್ಲಿ ಬರೆದುಕೊಟ್ಟಿದ್ದಾರೆ. ಖರೀದಿ ಕಡತ ಯಾವ ಮೇಜಿನ ಮೇಲಿದೆಯೋ, ಅದಕ್ಕೆ ಹುಡುಗರು ಹೊಣೆಯಲ್ಲ.

ಮುಖ್ಯಸ್ಥರ ಕೋಣೆಯ ಎಸಿ 18ರಲ್ಲಿತ್ತು. ಹೊಸ ಎಸಿಗಳು 24ರಲ್ಲೇ ಶುರುವಾಗಬೇಕು ಅಂತ 2020ರಿಂದ ನಿಯಮವಿದೆ, ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಉಳಿತಾಯ ಅಂತ ಕೇಂದ್ರ ಸರಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುತ್ತದೆ ಅಂತ ಹುಡುಗಿ ತಣ್ಣಗೆ ವಿವರಿಸಿದಳು. ಸಾಹೇಬರು "ಆಯ್ತವಾ, ಆಯ್ತು" ಅಂತ 24ಕ್ಕೆ ತಂದರು. ಈಗ ಎಷ್ಟರಲ್ಲಿದೆ ಅಂತ ನನ್ನನ್ನು ಕೇಳಬೇಡಿ.

ಇನ್ನು ತಕರಾರು. ಒಂದು ಶನಿವಾರ ಸಂಜೆ ಸುತ್ತು ಹಾಕಿ ಹೋಗುವಾಗ 'ಎಲ್ಲಾ ಆಫ್' ಅನ್ನುವ ಹುರುಪಿನಲ್ಲಿ ತಂಡದವರು ಯಾರೋ ಇನ್‌ಕ್ಯುಬೇಟರಿನ ಪ್ಲಗ್ಗನ್ನೂ ಆರಿಸಿಬಿಟ್ಟರು. ಸೋಮವಾರ ಬಂದು ನೋಡಿದರೆ ಎಂ.ಎಸ್ಸಿ. ಹುಡುಗಿ ಅದರೊಳಗೆ ಬೆಳೆಸಲು ಇಟ್ಟಿದ್ದ ಪ್ಲೇಟುಗಳೆಲ್ಲ ವ್ಯರ್ಥ, ಆಕೆ ಅಳುವುದೊಂದು ಬಾಕಿ. ಲ್ಯಾಬಿನಲ್ಲಿ ರಾತ್ರಿಯಿಡೀ ನಡೆಯಲೇಬೇಕಾದ ಯಂತ್ರಗಳಿರುತ್ತವೆ ಅಂತ ಹುಡುಗರಿಗೆ ಮೊದಲೇ ಯಾರೂ ಹೇಳಿಕೊಟ್ಟಿರಲಿಲ್ಲ. ತಂಡದ ಮುಖಂಡ ಬಂದು ಕ್ಷಮೆ ಕೇಳಿ, ಫ್ರಿಜ್ಜು, ಇನ್‌ಕ್ಯುಬೇಟರುಗಳ ಪ್ಲಗ್ಗಿಗೆಲ್ಲ ಕೆಂಪು ಟೇಪು ಸುತ್ತಿ ಹೋದ. ಆಮೇಲೆ ಅಂಥದ್ದು ಆಗಿಲ್ಲ.

ಎರಡನೆಯದು ಇನ್ನೂ ಸರಿಹೋಗಿಲ್ಲ. ಪರೀಕ್ಷೆ ಹತ್ತಿರ ಬಂದರೆ ತಂಡ ಮಾಯ. ಫ್ಯಾನು, ಎಸಿ ಹೆಚ್ಚು ಓಡುವುದೇ ಏಪ್ರಿಲ್–ಮೇನಲ್ಲಿ. ಸಂಜೆ ಸುತ್ತು ಹಾಕುವವರು ಆಗಲೇ ಇರುವುದಿಲ್ಲ. ಓದುವ ಮಕ್ಕಳನ್ನು ಅನ್ನುವ ಹಾಗಿಲ್ಲ. ಸಂಜೆ ಬೀಗ ಹಾಕುವ ಕೆಲಸ ವಿಭಾಗದ್ದು, ಅದನ್ನು ಪೂರಾ ಹುಡುಗರ ತಲೆಗೆ ಕಟ್ಟಿ ನಾವು ಹಾಯಾಗಿ ಇದ್ದುಬಿಡುತ್ತೇವೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕರೆಸುವವರು ಪತ್ರವನ್ನು ಎನ್ನೆಸ್ಸೆಸ್ ಕಾರ್ಯಕ್ರಮಾಧಿಕಾರಿಗೆ ಬರೆಯಿರಿ, ಸೆಮಿಸ್ಟರ್ ಶುರುವಾದ ಕೂಡಲೇ ಬರೆಯಿರಿ. ಎಲ್ಲ ರೂಮುಗಳ ಬೀಗದ ಕೈ ತೆಗೆದಿಟ್ಟಿರಿ, ಆ ದಿನ ಅಟೆಂಡರಿಗೆ ರಜೆ ಕೊಡಬೇಡಿ. ಆರಿಸಬಾರದ ಯಂತ್ರಗಳ ಪಟ್ಟಿ ಅವರು ಒಳಗೆ ಕಾಲಿಡುವ ಮೊದಲೇ ಅವರ ಕೈಯಲ್ಲಿರಲಿ. ಟೇಪು, ಮಾರ್ಕರು ಅವರೇ ತರುತ್ತಾರೆ. ಚಹಾ, ಚುರುಮುರಿ ನಿಮ್ಮ ಖರ್ಚು.