ದ್ರಾಕ್ಷಿ ತೋಟದ ಜಗಳ, ಪ್ರೀತಿ: ಯಾವ ಸಿನಿಮಾ ಮೊದಲು ನೋಡಬೇಕು?

ವೈನ್ ಮಾಡುವ ಎರಡು ಮನೆತನ. ಹಳೆಯ ಹಗೆ. ಆ ಮನೆಯ ಹುಡುಗಿ, ಈ ಮನೆಯ ಹುಡುಗ. ಇಂಥ ಹಗುರಾದ ಟಿವಿ ಸಿನಿಮಾ ಅಂದ್ರೆ ನನಗೂ ನಮ್ಮಕ್ಕನಿಗೂ ಬಹಳ ಇಷ್ಟ. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅನ್ನೋದು ಶುರುವಿನಲ್ಲೇ ಗೊತ್ತಿರುತ್ತದೆ. ಹಾಗಾಗಿ ನಾನು ಗಮನಿಸುವುದು ಬೇರೆಯದನ್ನು. ಜಗಳ ಯಾವುದಕ್ಕೆ? ದ್ರಾಕ್ಷಿ ತೋಟವನ್ನು ತೆಗೆದು ಅಲ್ಲೊಂದು ಬೇಕರಿ ಇಟ್ಟರೂ ಕತೆ ಹಾಗೇ ನಡೆಯುತ್ತದಾ? ನಡೆಯುತ್ತೆ ಅಂದ್ರೆ ಅದರಲ್ಲಿ ತೋಟ ಬರೀ ಅಲಂಕಾರಕ್ಕೆ ಇದೆ ಎಂದರ್ಥ.

ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುವುದು ಅಮೆರಿಕದ ಹಾಲ್‌ಮಾರ್ಕ್ ಟಿವಿ ಚಾನೆಲ್‌ನ 'ಆಟಮ್ ಇನ್ ದ ವಿನ್ಯಾರ್ಡ್' (2016). ಫ್ರ್ಯಾಂಕಿ ಬಾಲ್ಡ್‌ವಿನ್ ಮನೆಯವರ ವೈನರಿ ಬಿಟ್ಟು ತನ್ನದೇ ವೈನ್ ಮಾಡಲು ಹೊರಡುತ್ತಾಳೆ. ಅವಳು ತನ್ನದು ಅಂದುಕೊಂಡ ತೋಟವನ್ನೇ ಎದುರಾಳಿ ಮನೆಯ ನೇಟ್ ಡಿಲುಕಾ ಕೂಡ ತನ್ನದು ಅನ್ನುತ್ತಾನೆ. ಈ ಜೋಡಿಯಾಗಿ ನಟಿಸಿದವರು ರೇಚಲ್ ಲೀ ಕುಕ್ ಮತ್ತು ಬ್ರೆಂಡನ್ ಪೆನ್ನಿ. ಮರೀನಾ ಅಡೇರ್ ಅವರ ಕಾದಂಬರಿ ಸರಣಿ ಇದಕ್ಕೆ ಆಧಾರ. ಆ ಸರಣಿಯ ಕತೆ ನಡೆಯುವ ಊರು ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಸೇಂಟ್ ಹೆಲೆನಾ.

ಒಂದೇ ಜಮೀನು, ಇಬ್ಬರು ಹಕ್ಕುದಾರರು. ಇದು ನಮಗೆಲ್ಲ ಅರ್ಥವಾಗುವ ಜಗಳ, ಅಲ್ವಾ? ಅದರ ಮೇಲೆ ಹೆಸರೇ ಹೇಳುವ ಹಾಗೆ ಕಾಲ ಆಟಮ್, ಅಂದ್ರೆ ಶರತ್ಕಾಲ. ನಾಪಾದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೊಯ್ಲು. ಹಣ್ಣಿನಲ್ಲಿ ಸಕ್ಕರೆ ಏರುತ್ತಿರುತ್ತದೆ, ಹುಳಿ ಇಳಿಯುತ್ತಿರುತ್ತದೆ. ಎರಡೂ ಹದವಾಗಿ ಕೂಡುವುದು ಕೆಲವೇ ದಿನ. ಆಗ ಕೊಯ್ಯದಿದ್ದರೆ ವೈನ್ ಸಪ್ಪೆಯಾಗುತ್ತದೆ. ಕಾಗದಪತ್ರದ ತಕರಾರು ತೀರುವವರೆಗೆ ಹಣ್ಣು ಕಾಯುವುದಿಲ್ಲ. ಹಗೆ ಇದ್ದರೂ ಒಂದೇ ಸಾಲಿನಲ್ಲಿ ಕೆಲಸ ಮಾಡಲೇಬೇಕು. ಇಂಥ ಕಡೆ ಪ್ರೀತಿ ಹುಟ್ಟಿತು ಅಂದ್ರೆ ನಾನು ನಂಬುತ್ತೇನೆ.

ಮನೆಯ ವೈನರಿ ಬಿಟ್ಟು ಹೊರಡುವುದು ಸಿನಿಮಾದವರ ಕಲ್ಪನೆ ಮಾತ್ರ ಅಂದುಕೊಳ್ಳಬೇಡಿ. ಸೇಂಟ್ ಹೆಲೆನಾದಲ್ಲೇ ಚಾರ್ಲ್ಸ್ ಕ್ರುಗ್ ವೈನರಿ ನಡೆಸುತ್ತಿದ್ದ ಮೊಂಡಾವಿ ಅಣ್ಣತಮ್ಮಂದಿರು 1965ರಲ್ಲಿ ಕೈಕೈ ಮಿಲಾಯಿಸಿದರು. ಅಣ್ಣ ರಾಬರ್ಟ್ ಹೊರಬಂದು 1966ರಲ್ಲಿ ತನ್ನ ಹೆಸರಿನ ವೈನರಿ ಕಟ್ಟಿದರು. ಜಗಳ ಕೋರ್ಟಿಗೂ ಹೋಯಿತು. ರಾಬರ್ಟ್ ಮತ್ತು ತಮ್ಮ ಪೀಟರ್ ಮತ್ತೆ ಜೊತೆಯಾಗಿ ವೈನ್ ಮಾಡಿದ್ದು 2005ರಲ್ಲಿ, ನಾಪಾದ ವೈನ್ ಹರಾಜಿಗಾಗಿ ಒಂದೇ ಒಂದು ಪೀಪಾಯಿ. ಅಷ್ಟು ಹೊತ್ತಿಗೆ ಇಬ್ಬರಿಗೂ ತೊಂಬತ್ತರ ಆಸುಪಾಸು. ಇದನ್ನು ಓದಿದ ಮೇಲೆ ಫ್ರ್ಯಾಂಕಿ ಮನೆ ಬಿಡುವುದು ನನಗೆ ಹಗುರವಾಗಿ ಕಾಣಲಿಲ್ಲ. ಅವಳು ಏನನ್ನು ಕಳೆದುಕೊಳ್ಳಬಹುದು ಅಂತ ಗೊತ್ತಾಯಿತು.

ಫ್ರ್ಯಾಂಕಿ, ನೇಟ್ ಕತೆ ಮೂರು ಸಿನಿಮಾಗಳಲ್ಲಿ ಬಂದಿದೆ, ಎರಡನೆಯದು 'ಸಮ್ಮರ್ ಇನ್ ದ ವಿನ್ಯಾರ್ಡ್' (2017). ಈಗ ಇಬ್ಬರೂ ಜೋಡಿ, ವ್ಯವಹಾರದಲ್ಲೂ ಪಾಲುದಾರರು. ಅಕ್ಕನಿಗೆ ಮೂರರಲ್ಲಿ ಇದೇ ಅಚ್ಚುಮೆಚ್ಚು. ಪ್ರೀತಿಸಿದವರು ಜೊತೆಗೆ ದುಡಿಯುವಾಗ ಏನಾಗುತ್ತೆ ಅನ್ನೋದು ಜಾಸ್ತಿ ಮುಖ್ಯ ಅಂತ ಅವಳ ವಾದ. ಅವಳು ಮತ್ತು ಭಾವ ಒಟ್ಟಿಗೆ ಅಂಗಡಿ ನಡೆಸುವವರು, ಆ ಮಾತಿಗೆ ತೂಕ ಇದೆ. ಆದರೂ ನನಗೆ ಇಲ್ಲಿ ಬಿಸಿ ಕಡಿಮೆ ಅನ್ನಿಸಿತು. ಬೇಸಿಗೆಯಲ್ಲಿ ಕಾಯಿಗೆ ಬಣ್ಣ ಏರುತ್ತದೆ, ಎಲೆ ತೆಳುಮಾಡಬೇಕು, ನೀರು ನೋಡಿಕೊಳ್ಳಬೇಕು. ಕೆಲಸ ಇದೆ, ಆತುರ ಇಲ್ಲ. ಸಿನಿಮಾ ಕೂಡ ಅದೇ ಗತಿಯಲ್ಲಿ ಹೋಗುತ್ತದೆ.

ಮೂರನೆಯ 'ವ್ಯಾಲಂಟೈನ್ ಇನ್ ದ ವಿನ್ಯಾರ್ಡ್' (2019) ಫೆಬ್ರವರಿಯ ಕತೆ, ಮದುವೆಯ ತಯಾರಿ. ನಾಪಾದಲ್ಲಿ ಆಗ ಬಳ್ಳಿಗಳು ಬೋಳಾಗಿ ಮಲಗಿರುತ್ತವೆ, ಪ್ರೂನಿಂಗ್, ಅಂದ್ರೆ ಕೊಂಬೆ ಕತ್ತರಿಸುವ ಕೆಲಸ ನಡೆಯುವ ಕಾಲ. ಸಾಲುಗಳ ನಡುವೆ ಹಳದಿ ಸಾಸಿವೆ ಹೂ. ನೋಡೋಕೆ ಚೆಂದ. ಆದರೆ ಇಬ್ಬರನ್ನೂ ತೋಟಕ್ಕೆ ಎಳೆದು ತರುವ ಒತ್ತಡ ಅಲ್ಲಿಲ್ಲ. ನಮ್ಮ ನಂದಿ ಬೆಟ್ಟದ ಕಡೆ ವೈನ್ ದ್ರಾಕ್ಷಿ ಕೊಯ್ಲು ಬೀಳುವುದೇ ಫೆಬ್ರವರಿ, ಮಾರ್ಚ್ ಹೊತ್ತಿಗೆ. ಅಲ್ಲಿ ನಡೆಯುವ ಕತೆಯಾಗಿದ್ದರೆ ಮದುವೆಯೂ ಕೊಯ್ಲೂ ಒಟ್ಟಿಗೆ ಬಂದು ಮನೆಯವರ ಪಾಡು ಹೇಳತೀರದು! ಈ ಸಿನಿಮಾದಲ್ಲಿ ಬೇಕರಿ ಇಟ್ಟರೂ ನಡೆಯುತ್ತೆ.

ಮನೆತನಗಳ ಹಗೆಯೇ ಬೇಕು ಅನ್ನುವವರು ಹಿಂದೆ ಹೋಗಿ 'ಫಾಲ್ಕನ್ ಕ್ರೆಸ್ಟ್' ನೋಡಬೇಕು. ಇದು ಸಿನಿಮಾ ಅಲ್ಲ, ಅಮೆರಿಕದ ಸಿಬಿಎಸ್ ಟಿವಿಯಲ್ಲಿ 1981ರಿಂದ 1990ರವರೆಗೆ ಬಂದ ಧಾರಾವಾಹಿ. ಹಗುರವೂ ಅಲ್ಲ. ಜೇನ್ ವೈಮನ್ ಮಾಡಿದ ಏಂಜೆಲಾ ಚಾನಿಂಗ್ ಪಾತ್ರ ಇಡೀ ಕಣಿವೆಯನ್ನೇ ಮುಷ್ಟಿಯಲ್ಲಿ ಹಿಡಿಯಲು ಹೊರಟ ಅಜ್ಜಿ. ಹೊರಗಿನ ದೃಶ್ಯಗಳಲ್ಲಿ ಕಾಣುವ ಬಂಗಲೆ ಸೇಂಟ್ ಹೆಲೆನಾದ ಸ್ಪ್ರಿಂಗ್ ಮೌಂಟನ್ ವೈನರಿಯದು. ಹಾಲ್‌ಮಾರ್ಕ್ ಜೊತೆ ಇದನ್ನು ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಇಲ್ಲಿ ಮೊಮ್ಮಗ ಲ್ಯಾನ್ಸ್ ಮತ್ತು ಮೆಲಿಸಾ ಅಗ್ರೆಟ್ಟಿ ಮದುವೆ ಆಗುವುದು ಎರಡು ಮನೆಯ ದ್ರಾಕ್ಷಿ ತೋಟ ಸೇರಲಿ ಅಂತ. ಜಮೀನಿಗಾಗಿ ಮದುವೆ, ಪ್ರೀತಿಗೆ ಜಾಗ ಇಲ್ಲ. 'ಆಟಮ್'ನಲ್ಲಿ ಜಮೀನಿನ ಜಗಳವೇ ಪ್ರೀತಿಗೆ ದಾರಿ. ಅಜ್ಜಿಯ ಲೆಕ್ಕಾಚಾರ ನೋಡಿದ ಮೇಲೆ ಫ್ರ್ಯಾಂಕಿ, ನೇಟ್ ಇನ್ನೂ ಹತ್ತಿರದವರಾಗಿ ಕಂಡರು. ಕಷ್ಟ ಏನಂದ್ರೆ, ಧಾರಾವಾಹಿ ಒಂಬತ್ತು ಸೀಸನ್ ಇದೆ. ಕೂತು ಮುಗಿಸಲು ಪುರುಸೊತ್ತು ಬೇಕು.

ನೆಟ್‌ಫ್ಲಿಕ್ಸ್‌ನ 'ಎ ಪರ್ಫೆಕ್ಟ್ ಪೇರಿಂಗ್' (2022) ಬೇರೆ ಜಾತಿಯದು. ಲಾಸ್ ಏಂಜಲೀಸ್‌ನ ಲೋಲಾ ವೈನ್ ಆಮದಿನ ಸ್ವಂತ ಕಂಪನಿ ಶುರು ಮಾಡಿದ್ದಾಳೆ. ಒಂದು ದೊಡ್ಡ ವೈನ್ ಮನೆತನದ ವ್ಯಾಪಾರ ಹಿಡಿಯಲು ಆಸ್ಟ್ರೇಲಿಯಾಕ್ಕೆ ಹೋಗಿ, ಅವರ ಕುರಿ ಫಾರ್ಮ್‌ನಲ್ಲಿ ಆಳಾಗಿ ದುಡಿಯುತ್ತಾಳೆ. ಪೈಪೋಟಿ ಇರುವುದು ಮನೆತನಗಳ ನಡುವೆ ಅಲ್ಲ, ಅವಳ ಮತ್ತು ಹಳೆ ಸಹೋದ್ಯೋಗಿಯ ನಡುವೆ. ವೈನ್ ಬಹುಪಾಲು ಮಾತಿನಲ್ಲೇ ಉಳಿದು, ತೆರೆ ತುಂಬ ಕುರಿಗಳು. ಹಾಗಿದ್ದರೂ ನನಗೆ ಇಷ್ಟವಾಯಿತು. ಲೋಲಾ ಪಾತ್ರದ ವಿಕ್ಟೋರಿಯಾ ಜಸ್ಟಿಸ್ ಮೈಕೈ ಕೊಳೆ ಮಾಡಿಕೊಂಡು ದುಡಿಯುತ್ತಾಳೆ, ಆಯಾಸ ಮುಖದಲ್ಲಿ ಕಾಣುತ್ತದೆ. ನಾಯಕ ಆಡಮ್ ಡೆಮೋಸ್ ಅವಳನ್ನು ಮೆಚ್ಚಲು ಶುರು ಮಾಡುವುದು ಆ ದುಡಿಮೆ ನೋಡಿ. ಹಾಲ್‌ಮಾರ್ಕ್‌ನ ಸಿನಿಮಾಗಳಲ್ಲಿ ಎಲ್ಲರ ಬಟ್ಟೆ ಸದಾ ಇಸ್ತ್ರಿ ಹಾಕಿದ ಹಾಗೆ. ದ್ರಾಕ್ಷಿ ರಸ ಬೆರಳಿಗೆ ಹತ್ತಿದರೆ ಬೇಗ ಹೋಗುವುದಿಲ್ಲ. ಅದನ್ನು ತೋರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನಟನೆ ಬಗ್ಗೆ ಒಂದೇ ಮಾತು. ಜಗಳ ಆಡುವಾಗ ರೇಚಲ್ ಲೀ ಕುಕ್‌ಗೆ ಇವರಲ್ಲಿ ಯಾರೂ ಸಾಟಿ ಇಲ್ಲ. ಅವಳ ಹಟ ಸುಮ್ನೆ ಮುನಿಸು ಅನ್ನಿಸುವುದಿಲ್ಲ, ದುಡಿದು ಕಟ್ಟಿದವಳ ಹಟ ಅನ್ನಿಸುತ್ತದೆ.

ಒಂದೇ ಸಂಜೆ ಬಿಡುವಿದ್ದರೆ ಕಣ್ಣು ಮುಚ್ಚಿಕೊಂಡು 'ಆಟಮ್' ಹಾಕಿ. ಜೊತೆಗೆ ವ್ಯಾಪಾರ ಮಾಡುವ ಗಂಡ ಹೆಂಡತಿ ಇದ್ದರೆ, ಅಕ್ಕನ ಮಾತು ಕೇಳಿ 'ಸಮ್ಮರ್' ಕೂಡ ನೋಡಿ. ವೈನ್ ಬಗ್ಗೆ ಏನೂ ಆಸಕ್ತಿ ಇಲ್ಲದ ಗೆಳತಿ ಬಂದಿದ್ದರೆ ಆಸ್ಟ್ರೇಲಿಯಾದ ಕತೆಯೇ ಸರಿ. 'ವ್ಯಾಲಂಟೈನ್' ಮೊದಲ ಎರಡು ನೋಡಿ ಆ ಜೋಡಿಯನ್ನು ಹಚ್ಚಿಕೊಂಡವರಿಗೆ ಮಾತ್ರ. ಅದನ್ನೇ ಮೊದಲು ನೋಡಿದರೆ ಈ ಎರಡು ಮನೆಗಳಿಗೆ ಅಷ್ಟು ಹಗೆ ಯಾಕೆ ಅಂತ ತಿಳಿಯುವುದೇ ಇಲ್ಲ.