ಕೈಕೊಟ್ಟ ಕ್ಯಾಮೆರಾ: ಮನೆಯಲ್ಲೇ ನೋಡೋದಾ, ಕಂಪನಿಗೆ ಕೊಡೋದಾ, ಹೊರಗೆ ರಿಪೇರಿ ಮಾಡಿಸೋದಾ?

ನನ್ನ ಹತ್ತಿರ ಇರುವುದು ಒಂದು ಹಳೇ ಕಾಂಪ್ಯಾಕ್ಟ್ (ಪುಟ್ಟ ಕ್ಯಾಮೆರಾ, ಲೆನ್ಸ್ ಅದರಲ್ಲೇ ಕೂಡಿಕೊಂಡಿರುತ್ತದೆ), ಒಂದು ಡಿಎಸ್‌ಎಲ್‌ಆರ್ (ಲೆನ್ಸ್ ಬಿಚ್ಚಿ ಬದಲಾಯಿಸಬಹುದಾದ ದೊಡ್ಡ ಕ್ಯಾಮೆರಾ). ಎರಡೂ ಬೇರೆ ಬೇರೆ ಥರ ತಕರಾರು ಮಾಡಿವೆ, ಹಾಗಾಗಿ ಮೂರೂ ದಾರಿ ನೋಡಿ ಆಗಿದೆ. ಎಲ್ಲಕ್ಕೂ ಒಂದೇ ದಾರಿ ಅಂತ ಇಲ್ಲ. ಕೆಟ್ಟಿರುವುದು ಏನು ಅನ್ನುವುದರ ಮೇಲೆ ಹೋಗಬೇಕು.

ಮನೆಯಲ್ಲೇ ಆಗುವ ಕೆಲಸ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಡಿಎಸ್‌ಎಲ್‌ಆರ್ ಒಮ್ಮೆ ಲೆನ್ಸ್‌ಗೂ ಬಾಡಿಗೂ ಸಂಪರ್ಕ ಇಲ್ಲ ಅಂತ ಎರರ್ ತೋರಿಸಿ ನಿಂತೇಬಿಟ್ಟಿತು. ಆಫ್ ಮಾಡಿ, ಲೆನ್ಸ್ ಬಿಚ್ಚಿ, ಅದರ ಹಿಂಬದಿಯಲ್ಲಿ ಸಾಲಾಗಿರುವ ಚಿನ್ನದ ಬಣ್ಣದ ಬಿಂದುಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದೆ. ಅಷ್ಟೇ, ಸರಿಹೋಯಿತು. ಕಾರ್ಡ್ ತಕರಾರಂತೂ ಎಷ್ಟೋ ಸಲ ತಕರಾರೇ ಅಲ್ಲ. ಎಸ್‌ಡಿ ಕಾರ್ಡ್ ಪಕ್ಕದ ಪುಟ್ಟ ಲಾಕ್ ಗುಂಡಿ ಒಳಗೆ ತೂರಿಸುವಾಗ ಜಾರಿರುತ್ತದೆ. ಇಲ್ಲದಿದ್ದರೆ 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಮಾದರಿಯ ಕಾರ್ಡ್ ಮಾತ್ರ ಓದುವ ಹಳೇ ಕ್ಯಾಮೆರಾಗೆ 64 ಜಿಬಿ ಹಾಕಿ ಕ್ಯಾಮೆರಾ ಕೆಟ್ಟಿದೆ ಅಂತ ಬೈಯುತ್ತಿರುತ್ತೇವೆ.

ಫೋಟೋ ಇರುವ ಕಾರ್ಡನ್ನೇ ಫಾರ್ಮ್ಯಾಟ್ ಮಾಡು ಅಂತ ಕ್ಯಾಮೆರಾ ಕೇಳಿದರೆ ಬೇಡ ಅನ್ನಿ. ಅದರಲ್ಲಿ ಇನ್ನೊಂದು ಫೋಟೋನೂ ತೆಗೆಯಬೇಡಿ. ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ನನಗೆ ಬಹುಪಾಲು ವಾಪಸ್ ಸಿಕ್ಕಿತು. ಫೈಲ್ ಹೆಸರುಗಳು ಮಾತ್ರ ಹೋಗುತ್ತವೆ, ಆಮೇಲೆ ಜೋಡಿಸಿಕೊಳ್ಳುವುದು ತಲೆನೋವು.

ಆದರೆ ಸ್ಕ್ರೂಡ್ರೈವರ್ ಹಿಡಿಯುವ ಹಂತಕ್ಕೆ ಮನೆ ರಿಪೇರಿ ನಿಲ್ಲಬೇಕು. ಫ್ಲ್ಯಾಶ್‌ಗೆ ಕರೆಂಟ್ ಕೂಡಿಡುವ ಕೆಪಾಸಿಟರ್ ಅನ್ನುವ ಭಾಗ, ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಸುಮ್ನೆ ಯಾಕೆ ರಿಸ್ಕ್, ಅಲ್ವಾ?

ಕಾಂಪ್ಯಾಕ್ಟ್‌ನದ್ದು ಬೇರೆ ಕಥೆ. ಆನ್ ಮಾಡಿದರೆ ಲೆನ್ಸ್ ಅರ್ಧ ಹೊರಗೆ ಬಂದು, ಕರಕರ ಅಂದು, ಲೆನ್ಸ್ ಎರರ್ ಅಂತ ಆಫ್ ಆಗುತ್ತಿತ್ತು. ಚಾರ್ಜ್ ತುಂಬಿದ ಬ್ಯಾಟರಿ ಹಾಕಿ, ಲೆನ್ಸ್ ಸುತ್ತಲಿನ ಸಂದಿಗೆ ಬ್ಲೋವರ್‌ನಿಂದ ಗಾಳಿ ಊದಿದರೆ ಕೆಲವು ದಿನ ನಡೆಯಿತು, ಮತ್ತೆ ಅದೇ ಹಾಡು. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಪೂರ್ತಿ ಲೆನ್ಸ್ ಯೂನಿಟ್ಟೇ ಬದಲಾಯಿಸಬೇಕು ಅಂದರು, ಅವರು ಹೇಳಿದ ಮೊತ್ತ ಕ್ಯಾಮೆರಾದ ಬೆಲೆಯ ಪಕ್ಕದಲ್ಲೇ ಇತ್ತು. ಹೊರಗಿನ ಮೆಕ್ಯಾನಿಕ್ ಬಿಚ್ಚಿ, ಹಲ್ಲುಚಕ್ರದಲ್ಲಿ ಸಿಕ್ಕಿಕೊಂಡಿದ್ದ ಮರಳು ತೆಗೆದು ಕೊಟ್ಟ. ಗ್ಯಾರಂಟಿ ಇಲ್ಲ, ಕಾಗದ ಇಲ್ಲ. ಪೂರ್ತಿ ಝೂಮ್ ಮಾಡಿದರೆ ಮೇಲಿನ ಮೂಲೆಯಲ್ಲಿ ಒಂದು ಮಸುಕು ಚುಕ್ಕೆ ಬೇರೆ ಬರುತ್ತದೆ, ಬಿಚ್ಚಿದಾಗ ಒಳಗೆ ಸೇರಿದ ಧೂಳಿರಬೇಕು. ಆದರೂ ಹಳೇ ಕಾಂಪ್ಯಾಕ್ಟ್‌ಗೆ ನನ್ನ ವೋಟು ಇವನಿಗೇ.

ಡಿಎಸ್‌ಎಲ್‌ಆರ್‌ನ ಫೋಕಸ್ ತಪ್ಪತೊಡಗಿದಾಗ ಮಾತ್ರ ಲೆಕ್ಕ ತಿರುಗಿತು. ಕಣ್ಣಿಗೆ ಫೋಕಸ್ ಇಟ್ಟರೆ ಕಿವಿ ಸ್ಪಷ್ಟ! ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿ ತೆಗೆದರೆ ಎಲ್ಲ ಸರಿ, ಕಣ್ಣಿಟ್ಟು ನೋಡುವ ಕಿಂಡಿ, ಅದೇ ವ್ಯೂಫೈಂಡರ್‌ನಲ್ಲಿ ನೋಡಿ ತೆಗೆದರೆ ಮಸುಕು. ಹೀಗಾದರೆ ಗಾಜಿನ ದೋಷ ಅಲ್ಲ, ಆಟೋಫೋಕಸ್ ಹೊಂದಾಣಿಕೆ ತಪ್ಪಿದೆ ಅಂತ. ಅದೇ ಮೆಕ್ಯಾನಿಕ್ ನೋಡಿ, ಇದಕ್ಕೆ ಬೇಕಾದ ಸಾಫ್ಟ್‌ವೇರ್ ನನ್ನ ಹತ್ತಿರ ಇಲ್ಲ ಅಂತ ನೇರವಾಗಿ ಹೇಳಿದ, ಅದು ಇಷ್ಟವಾಯಿತು. ಕಂಪನಿಯವರು ಬಾಡಿ, ಲೆನ್ಸ್ ಎರಡನ್ನೂ ತರಿಸಿಕೊಂಡು ಕ್ಯಾಲಿಬ್ರೇಟ್ ಮಾಡಿದರು. ಬಹಳ ಕಾಯಿಸಿದರು, ಫೋನ್ ಮಾಡಿದರೆ ಪ್ರತಿ ಸಲ ಹೊಸ ಉತ್ತರ. ಆದರೆ ಬಂದ ಮೇಲೆ ಒಂದೊಂದು ರೆಪ್ಪೆಗೂದಲೂ ಎಣಿಸುವ ಹಾಗೆ ಫೋಟೋ ಬರುತ್ತಿದೆ.

ಎಲ್ಲೇ ಕೊಡಿ, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ, ಸೀರಿಯಲ್ ನಂಬರ್‌ನ ಫೋಟೋ ತೆಗೆದುಕೊಳ್ಳಿ. ಎರರ್ ಯಾವಾಗಲೋ ಒಮ್ಮೆ ಮಾತ್ರ ಬರುತ್ತಿದ್ದರೆ ಅದನ್ನು ಫೋನ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಅವರ ಮುಂದೆ ಕ್ಯಾಮೆರಾ ಸರಿಯಾಗೇ ನಡೆಯುತ್ತದೆ.